ಖಾಲಿ ಡಬ್ಬಿ ವಾಪಸ್ ಕೊಡಬ್ಯಾಡ ತಮ್ಮ

ನಿಮ್ಮ ಪ್ರಶ್ನೆ ಓದಿದೆ. ಕೆಲಸ ಇದೆ, ಸಂಬಳ ಬರುತ್ತೆ, ಮನೆಯಲ್ಲಿ ಎಲ್ಲರೂ ಆರಾಮಾಗಿದ್ದಾರೆ, ಆದರೂ ಖುಷಿ ಅನ್ನೋದು ದಿನಾ ಕೈಗೆ ಸಿಗ್ತಿಲ್ಲ ಅಂತ ಬರೆದಿದ್ದೀರಿ. ಸಿಕ್ಕ ಒಳ್ಳೆಯದನ್ನೆಲ್ಲ ಬರೆದಿಡೋ ಕೃತಜ್ಞತೆಯ ಡೈರಿ ಶುರು ಮಾಡಿ ಹದಿನೈದು ದಿನಕ್ಕೆ ಬಿಟ್ಟಿರಿ. ಜೊತೆಗೆ ಕೆಲಸ ಮಾಡೋರಿಂದ ಯಾರಾದರೂ ಕೃತಜ್ಞತೆ ಅನ್ನೋದನ್ನು ಕಲಿತಿದ್ದೀರಾ ಅಂತ ಕೇಳಿದ್ದೀರಿ.

ನಾನು ಕಲಿತಿದ್ದೇನೆ. ಒಬ್ಬ ಡ್ರೈವರ್ ಹತ್ತಿರ.

ನಾನು ರಾಯಚೂರಿನಲ್ಲಿ ಸರ್ಕಾರಿ ಬಸ್ ಕಂಡಕ್ಟರ್. ಹುಟ್ಟೂರು ಬಾಗಲಕೋಟೆ ಜಿಲ್ಲೆ. 2017ರಲ್ಲಿ ಕೆಲಸಕ್ಕೆ ಸೇರಿದಾಗ ಅವ್ವ ಓಣಿಗೆಲ್ಲ ಪೇಡೆ ಹಂಚಿದ್ದಳು. ಆದರೆ ಮೊದಲ ವರ್ಷ ನಾನು ಒಂದು ದಿನವೂ ನೆಮ್ಮದಿಯಿಂದ ಇರಲಿಲ್ಲ. ಇಲ್ಲಿನ ಬಿಸಿಲು ನಿಮಗೆ ಗೊತ್ತಿರಬಹುದು. ಮೇ ತಿಂಗಳಲ್ಲಿ 42 ಡಿಗ್ರಿ ಅಂದರೆ ರಾಯಚೂರಿನವರು ಸುದ್ದಿ ಅಂತ ಕೂಡ ಅನ್ನೋದಿಲ್ಲ. ಬಸ್ಸಿನೊಳಗಿನ ಕಂಬಿ ಹಿಡಿದರೆ ಕೈ ಚುರ್ ಅನ್ನುತ್ತೆ. ಅಂಥದ್ದರಲ್ಲಿ ಬೆಳಗ್ಗೆಯಿಂದ ಚಿಲ್ಲರೆ ಜಗಳ. ಎಲ್ಲರ ಕೈಯಲ್ಲೂ ಐನೂರರ ನೋಟು. ರಾತ್ರಿ ಕಲೆಕ್ಷನ್ ಎಣಿಸುವಾಗ ಇಪ್ಪತ್ತು ರೂಪಾಯಿ ಕಮ್ಮಿ ಬಂದರೆ ನಿದ್ದೆ ಹಾರಿಹೋಗುತ್ತಿತ್ತು. ಯಾವಾಗ ಊರ ಹತ್ತಿರ ವರ್ಗಾವಣೆ ಆಗುತ್ತೋ ಅನ್ನೋದೊಂದೇ ಧ್ಯಾನ.

2018ರ ಮಳೆಗಾಲದಲ್ಲಿ ನನಗೆ ದೇವದುರ್ಗ ಕಡೆಯ ಒಂದು ಹಳ್ಳಿಗೆ ನೈಟ್ ಹಾಲ್ಟ್ ಡ್ಯೂಟಿ ಬಿತ್ತು. ಸಂಜೆ ರಾಯಚೂರು ಬಿಟ್ಟು ಕಲ್ಮಲಾ, ಗಬ್ಬೂರು ದಾಟಿ ರಾತ್ರಿ ಆ ಊರು ಮುಟ್ಟೋದು. ಬಸ್ಸು ಹನುಮಪ್ಪನ ಗುಡಿ ಮುಂದೆ ನಿಲ್ಲುತ್ತೆ. ಡ್ರೈವರ್, ಕಂಡಕ್ಟರ್ ಇಬ್ಬರೂ ಅಲ್ಲೇ ಮಲಗಬೇಕು. ಬೆಳಗ್ಗೆ ಆರಕ್ಕೆ ಅದೇ ಬಸ್ಸು ಊರಿನ ಮೊದಲ ಬಸ್ಸಾಗಿ ವಾಪಸ್ ಹೊರಡುತ್ತೆ. ಕಾಲೇಜು ಹುಡುಗರು, ಆಸ್ಪತ್ರೆಗೆ ಹೋಗೋರು, ಹಾಲಿನ ಕ್ಯಾನು, ಎಲ್ಲ ಅದರಲ್ಲೇ.

ಆ ಬಸ್ಸಿನ ಡ್ರೈವರನ್ನು ನಾನು ಕಾಕಾ ಅಂತಲೇ ಕರೆಯುತ್ತಿದ್ದೆ. ಆಗಲೇ ಐವತ್ತು ದಾಟಿದ್ದ ಮನುಷ್ಯ. ಮಾತು ಕಮ್ಮಿ. ಹೆಗಲ ಮೇಲೆ ಯಾವಾಗಲೂ ಒಂದು ಟವೆಲ್ಲು.

ಮೊದಲ ರಾತ್ರಿ ಗುಡಿ ಹಿಂದಿನ ಮನೆಯ ಅಜ್ಜಿಯೊಬ್ಬರು ಮೊಮ್ಮಗನ ಕೈಯಲ್ಲಿ ಊಟ ಕಳಿಸಿದರು. ಸ್ಟೀಲ್ ಡಬ್ಬಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಮುದ್ದೆ ಶೇಂಗಾ ಚಟ್ನಿ. ಹಾಲ್ಟ್ ಬಸ್ಸಿನವರಿಗೆ ಊರಿನವರು ಊಟ ಕೊಡೋದು ಈ ಕಡೆ ಹೊಸದೇನಲ್ಲ. ನಾನು ಮೊಬೈಲ್ ನೋಡುತ್ತಾ ತಿಂದೆ. ಏನು ತಿಂದೆ ಅಂತ ಕೇಳಿದ್ದರೆ ಹೇಳೋಕೆ ಬರುತ್ತಿರಲಿಲ್ಲ. ಡಬ್ಬಿಯನ್ನು ಹಾಗೇ ಸೀಟಿನ ಕೆಳಗೆ ತಳ್ಳಿ ಮಲಗಿದೆ.

ಬೆಳಗ್ಗೆ ಐದಕ್ಕೆ ಎಚ್ಚರ ಆದಾಗ ಕಾಕಾ ನಲ್ಲಿ ಹತ್ತಿರ ಕೂತಿದ್ದರು. ಆ ಡಬ್ಬಿಯನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದರು. ಮುಚ್ಚಳದ ಅಂಚಿನಲ್ಲಿ ಪಲ್ಯದ ಎಣ್ಣೆ ಕೂತಿರುತ್ತಲ್ಲ, ಅಲ್ಲಿ ಬೆರಳಿನ ಉಗುರು ಆಡಿಸಿ ತೆಗೆದರು. ಎರಡು ಸಲ ತೊಳೆದರು. ಟವೆಲ್ಲಿನ ತುದಿಯಿಂದ ಒಳಗೆ, ಹೊರಗೆ ಒರೆಸಿದರು. ಆಮೇಲೆ ತಮ್ಮ ಚೀಲದಿಂದ ಎರಡು ನಿಂಬೆಹಣ್ಣು ತೆಗೆದು ಅದರೊಳಗಿಟ್ಟು ಮುಚ್ಚಳ ಹಾಕಿದರು.

"ಇದ್ಯಾಕೆ ಕಾಕಾ?" ಅಂದೆ.

"ಖಾಲಿ ಡಬ್ಬಿ ವಾಪಸ್ ಕೊಡಬ್ಯಾಡ ತಮ್ಮ."

ಇದು ನಮ್ಮ ಮನೆಯಲ್ಲೂ ಇದ್ದ ರೂಢಿಯೇ. ಪಕ್ಕದ ಮನೆಯ ಪಾತ್ರೆ ವಾಪಸ್ ಕೊಡುವಾಗ ಅವ್ವ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿಯೇ ಕಳಿಸುತ್ತಿದ್ದಳು. ನಾನೇ ಮರೆತಿದ್ದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನಿಂಬೆಹಣ್ಣಲ್ಲ, ಆಮೇಲೆ ನಡೆದದ್ದು. ಮೊಮ್ಮಗ ಡಬ್ಬಿ ಇಸಕೊಳ್ಳೋಕೆ ಓಡಿ ಬಂದ. ಕಾಕಾ ಅವನ ಕೈಗೆ ಕೊಡಲಿಲ್ಲ. ತಾವೇ ಅಜ್ಜಿಯ ಬಾಗಿಲಿಗೆ ಹೋದರು. "ಅವ್ವಾ, ಪಲ್ಯಕ್ಕ ಬಳ್ಳೊಳ್ಳಿ ಜಜ್ಜಿ ಹಾಕೀದಿ ನೋಡು, ಭಾಳ ಚಂದ ಆಗಿತ್ತು. ರೊಟ್ಟಿ ಇನ್ನಾ ಬಿಸಿ ಇದ್ದುವು" ಅಂದರು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಅಷ್ಟೇ ಆಗಿದ್ದು. ಅದೇ ಪಲ್ಯ ನಾನೂ ತಿಂದಿದ್ದೆ. ಬೆಳ್ಳುಳ್ಳಿ ಇತ್ತು ಅಂತಲೇ ನನಗೆ ಗೊತ್ತಿರಲಿಲ್ಲ.

ನಮ್ಮ ಭಾಷೆಯಲ್ಲಿ 'ಧನ್ಯವಾದ' ಅನ್ನೋದು ಸಭೆಯ ಮಾತು, ಅಲ್ವಾ? ವಂದನಾರ್ಪಣೆಗೆ ನಿಂತಾಗ ಹೇಳೋದು. ಮನೆಯಲ್ಲಿ ಯಾರೂ ಅವ್ವನಿಗೆ ಧನ್ಯವಾದ ಅನ್ನೋದಿಲ್ಲ. ಅಂದರೆ ಅವಳಿಗೇ ಮುಜುಗರ. ಹಾಗಂತ ಉಪಕಾರ ನೆನೆಯೋದು ನಮಗೆ ಬರೋದಿಲ್ಲ ಅಂತಲ್ಲ. 'ಹೊಟ್ಟಿ ತಣ್ಣಗಾತು' ಅಂತೀವಿ. 'ನಿನ್ನ ಹೊಟ್ಟಿ ತಣ್ಣಗಿರಲಿ' ಅಂತ ಹರಸ್ತೀವಿ. ಕಾಕಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಿದ್ದರು. ಯಾವುದು ಚೆನ್ನಾಗಿತ್ತು ಅಂತ ಬಿಡಿಸಿ ಹೇಳುತ್ತಿದ್ದರು. ಸುಮ್ನೆ 'ಊಟ ಚಲೋ ಇತ್ತು' ಅಲ್ಲ. ಬೆಳ್ಳುಳ್ಳಿ ಜಜ್ಜಿ ಹಾಕಿದ್ದು ಚಲೋ ಇತ್ತು.

ಹಾಗೆ ಹೇಳಬೇಕಾದರೆ ತಿನ್ನುವಾಗ ಗಮನ ತಟ್ಟೆಯಲ್ಲೇ ಇರಬೇಕಾಗುತ್ತೆ. ನನಗೆ ಇದು ಅರ್ಥವಾಗೋಕೆ ಹಲವು ತಿಂಗಳು ಬೇಕಾಯಿತು.

ಡಿಪೋದಲ್ಲಿ ಇನ್ನೊಂದು ನೋಡಿದೆ. ಗಾಡಿಯಲ್ಲಿ ಏನಾದರೂ ದೋಷ ಇದ್ದರೆ ಡ್ರೈವರ್ ಬರೆದಿಡುತ್ತಾರೆ. ಬ್ರೇಕ್ ಲೂಸ್, ಕ್ಲಚ್ ಹಾರ್ಡ್, ಹೆಡ್‌ಲೈಟ್ ಇಲ್ಲ, ಹೀಗೆ. ರಾತ್ರಿ ಪಾಳಿಯ ಮೆಕ್ಯಾನಿಕ್‌ಗಳು ಅದನ್ನು ನೋಡಿ ರಿಪೇರಿ ಮಾಡ್ತಾರೆ. ಅವರ ಕಿವಿಗೆ ಬೀಳೋದು ವರ್ಷವಿಡೀ ದೂರುಗಳೇ. ಬ್ರೇಕ್ ಚೆನ್ನಾಗಿ ಹಿಡಿಯಿತು ಅಂತ ಬರೆಯೋಕೆ ಯಾವ ಪುಸ್ತಕದಲ್ಲೂ ಜಾಗ ಇಲ್ಲ. ಒಂದು ಸಲ ಗಬ್ಬೂರು ದಾಟಿದ ಮೇಲೆ ಕತ್ತಲಲ್ಲಿ ಎಮ್ಮೆಯೊಂದು ರಸ್ತೆಗೆ ಬಂತು. ಕಾಕಾ ಬ್ರೇಕ್ ಒತ್ತಿದರು. ಬಸ್ಸು ಎಮ್ಮೆಯ ಮೂತಿಗೆ ಒಂದು ಮೊಳ ದೂರದಲ್ಲಿ ನಿಂತಿತು. ನಾನು ಮುಂದಿನ ಸೀಟಿಗೆ ಹೋಗಿ ಬಿದ್ದೆ. ಮರುದಿನ ಡ್ಯೂಟಿ ಮುಗಿದ ಮೇಲೆ ಕಾಕಾ ಮನೆಗೆ ಹೋಗಲಿಲ್ಲ. ಬ್ರೇಕ್ ಕೆಲಸ ಮಾಡಿದ್ದ ಹುಡುಗ ರಾತ್ರಿ ಪಾಳಿಗೆ ಬರುವ ಹೊತ್ತಿಗೆ ಡಿಪೋದ ಬಾಗಿಲಲ್ಲಿ ಕಾದು ನಿಂತರು. "ನಿನ್ನೆ ನಿನ್ನ ಬ್ರೇಕ್ ನಲವತ್ತು ಮಂದೀನ ಉಳಸ್ತು ತಮ್ಮ" ಅಂತ ಹೇಳಿ, ಅವನಿಗೆ ಒಂದು ಚಹಾ ಕುಡಿಸಿ ಹೋದರು. ಆ ಹುಡುಗನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೈಯೆಲ್ಲ ಗ್ರೀಸು. ಗ್ಲಾಸು ಹಿಡಿದುಕೊಂಡು ಏನು ಹೇಳಬೇಕು ಅಂತ ತಿಳಿಯದೆ ನಿಂತಿದ್ದ.

ಹಾಗಂತ ಕಾಕಾ ಎಲ್ಲದಕ್ಕೂ ಹೂಂ ಅನ್ನುವವರಲ್ಲ. ಇದನ್ನು ಹೇಳಲೇಬೇಕು. ಕೃತಜ್ಞತೆ ಅಂದರೆ ಬಾಯಿ ಮುಚ್ಚಿಕೊಂಡು ಇದ್ದದ್ದರಲ್ಲಿ ಇರೋದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ದೇವದುರ್ಗ ಕಡೆ ನಾರಾಯಣಪುರ ಬಲದಂಡೆ ನಾಲೆಯ ನೀರು ಸಿಕ್ಕ ಹೊಲದಲ್ಲಿ ಭತ್ತ ಇದೆ. ನೀರು ಸಿಗದ ಕಡೆ ಹತ್ತಿ, ತೊಗರಿ. ಮಳೆ ಕೈಕೊಟ್ಟರೆ ಗುಳೆ ಹೋಗೋದು ಇದ್ದೇ ಇದೆ. ಒಂದು ಬೆಳಗ್ಗೆ ಹಾಗೆ ಬೆಂಗಳೂರಿಗೆ ಹೊರಟ ಮನೆಯವರು ಹತ್ತಿದರು. ಹಿಟ್ಟಿನ ಚೀಲ, ಪಾತ್ರೆ ಗಂಟು, ಎರಡು ಸಣ್ಣ ಮಕ್ಕಳು. ಇಸ್ತ್ರಿ ಅಂಗಿ ಹಾಕಿದ್ದ ಒಬ್ಬರು, ಗಂಟು ಕಾಲಿಗೆ ತಾಗಿತು ಅಂತ ಕೂಗಾಡಿ ಅವರನ್ನು ಇಳಿಸಿ ಅಂದರು. ನಾನು ಸುಮ್ಮನಿದ್ದೆ. ಕಾಕಾ ಬಸ್ಸು ಬದಿಗೆ ಹಾಕಿ ಇಂಜಿನ್ ಬಂದ್ ಮಾಡಿದರು. ತಿರುಗಿ ನೋಡಿ, "ಬೆಂಗಳೂರಾಗ ಮಂದಿ ಮಲಗೋ ಮನಿ ಇವರ ಕಟ್ಟಿದ್ದು. ಗಂಟು ಇರತದ, ಇವರೂ ಇರತಾರ. ನಿಮಗ ತ್ರಾಸ ಇದ್ದರ ಹಿಂದಿನ ಬಸ್ಸಿಗಿ ಬರ್ರಿ" ಅಂದರು. ದನಿ ಏರಿಸಲಿಲ್ಲ. ಯಾರು ಯಾರಿಗೆ ಏನು ಮಾಡಿದ್ದಾರೆ ಅಂತ ದಿನಾ ನೋಡುವ ಮನುಷ್ಯನಿಗೆ ಅನ್ಯಾಯ ಕೂಡ ಬೇಗ ಕಣ್ಣಿಗೆ ಬೀಳುತ್ತೆ ಅಂತ ನನಗೆ ಅವತ್ತು ಅನ್ನಿಸಿತು.

'ಸಾಕು' ಅನ್ನೋದನ್ನೂ ಅವರಿಂದಲೇ ಕಲಿತೆ. ಅಜ್ಜಿ ಒಮ್ಮೆ ಡಬ್ಬಿ ತುಂಬ ಎಂಟು ರೊಟ್ಟಿ ಇಟ್ಟು ಕಳಿಸಿದರು. ಕಾಕಾ ನಮಗೆ ಬೇಕಾದ ನಾಲ್ಕು ಇಟ್ಟುಕೊಂಡು ಉಳಿದದ್ದನ್ನು ರಾತ್ರಿಯೇ ವಾಪಸ್ ಕಳಿಸಿದರು. ಆಯ್ದಕ್ಕಿ ಮಾರಯ್ಯನ ಕಥೆ ಹೇಳಿದ್ದು ಅವತ್ತೇ. ನಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು ಅಂತಾರೆ. ಕಲ್ಯಾಣದಲ್ಲಿ ಕೆಳಗೆ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದರು. ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ತಂದಾಗ ಹೆಂಡತಿ ಲಕ್ಕಮ್ಮ, ಇಷ್ಟು ಯಾಕೆ, ತಂದಲ್ಲೇ ಸುರಿದು ಬಾ ಅಂದಳಂತೆ. ಶಾಲೆಯಲ್ಲಿ ಓದಿದ್ದ ಕಥೆಯೇ. ಡಬ್ಬಿ ಮುಂದೆ ಕೂತು ಕೇಳಿದಾಗ ಬೇರೆ ಥರ ಇತ್ತು.

ನನ್ನ ಸರದಿ ಬಂದಿದ್ದು ತಡವಾಗಿ. ಅವ್ವ ಊರಿಂದ ಬಸ್ಸಿನಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕಳಿಸುತ್ತಿದ್ದಳು. ನಾನು 'ಮುಟ್ಟಿತು' ಅಂತ ಹೇಳಿ ಫೋನ್ ಇಡುತ್ತಿದ್ದೆ. ಒಂದು ರಾತ್ರಿ ಗುಡಿಕಟ್ಟೆ ಮೇಲೆ ಕೂತು ಫೋನ್ ಮಾಡಿ, "ಅವ್ವಾ, ಈ ಸಲ ಹಿಂಡಿಗೆ ಶೇಂಗಾ ಹದವಾಗಿ ಹುರಿದೀಯ, ಒಂದೂ ಕಪ್ಪಾಗಿಲ್ಲ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವ್ವ ಕೇಳಿದಳು: "ಯಾಕೋ, ಆರಾಮ ಇಲ್ಲೇನು?"

ಮಗ ಹೀಗೆ ಮಾತಾಡಬೇಕಾದರೆ ಜ್ವರ ಬಂದಿರಬೇಕು ಅಂದುಕೊಂಡಳು. ಮೂವತ್ತು ವರ್ಷ ಅವಳ ಕೈ ಅಡುಗೆ ಉಂಡು ಒಂದು ದಿನವೂ ಹೇಳಿರಲಿಲ್ಲ ನಾನು. ಅವತ್ತು ತುಂಬಾ ಹೊತ್ತು ಮಾತಾಡಿದೆವು. ಹುರಿಯುವಾಗ ಸಣ್ಣ ಉರಿ ಇಡಬೇಕು, ಕಬ್ಬಿಣದ ಬಾಣಲೆಯೇ ಆಗಬೇಕು ಅಂತೆಲ್ಲ ಹೇಳಿದಳು. ಯಾರೂ ಕೇಳಿರದಿದ್ದ ವಿದ್ಯೆ ಅವಳ ಹತ್ತಿರ ಅಷ್ಟಿತ್ತು. ಫೋನ್ ಇಟ್ಟ ಮೇಲೆ ನಾನು ನಿರಾಳವಾಗಿದ್ದೆ. ಇಪ್ಪತ್ತು ರೂಪಾಯಿ ಕಮ್ಮಿ ಬಂದಿದ್ದು ಅವತ್ತೂ ಕಮ್ಮಿಯೇ ಇತ್ತು. ನಿದ್ದೆ ಮಾತ್ರ ಬಂತು.

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆಗಿ ಬಸ್ಸುಗಳು ನಿಂತವು. ಮೇ 19ಕ್ಕೆ ರಾಜ್ಯದಲ್ಲಿ ಮತ್ತೆ ಶುರುವಾದಾಗ ಒಂದು ಬಸ್ಸಿಗೆ 30 ಜನ ಮಾತ್ರ. ಆ ಊರಿನ ಹಾಲ್ಟ್ ಮತ್ತೆ ಬಂದಿದ್ದು ಇನ್ನೂ ಎಷ್ಟೋ ದಿನದ ಮೇಲೆ. ಮೊದಲ ರಾತ್ರಿ ಅಜ್ಜಿ ಡಬ್ಬಿಯನ್ನು ಕಟ್ಟೆ ಮೇಲಿಟ್ಟು ದೂರ ಸರಿದು ನಿಂತರು. ಕಾಕಾ ಈ ಕಡೆಯಿಂದಲೇ ಊರಿಗೆಲ್ಲ ಕೇಳುವ ಹಾಗೆ, "ಅವ್ವಾ, ಪಲ್ಯದಾಗ ಬಳ್ಳೊಳ್ಳಿ ಅದ ಇಲ್ಲೋ?" ಅಂತ ಕೂಗಿದರು. "ಅದ, ಅದ" ಅಂದರು ಅಜ್ಜಿ. ಮಾಸ್ಕ್ ಇದ್ದರೂ ನಗು ಗೊತ್ತಾಗುತ್ತಿತ್ತು.

2023ರ ಜೂನ್ 11ಕ್ಕೆ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ ಅಂತ ಶಕ್ತಿ ಯೋಜನೆ ಬಂತು. ಐದು ವರ್ಷ ನಮಗೆ ಉಣ್ಣಿಸಿದ ಅಜ್ಜಿ ಅಷ್ಟು ದಿನ ನಮ್ಮ ಬಸ್ಸು ಹತ್ತಿದ್ದನ್ನೇ ನಾನು ನೋಡಿರಲಿಲ್ಲ. ಆ ತಿಂಗಳು ರಾಯಚೂರಿನಲ್ಲಿರೋ ಮಗಳ ಮನೆಗೆ ಹೊರಟು ಹತ್ತಿದರು. ಆಧಾರ್ ಕಾರ್ಡು ತೋರಿಸಿದರು. ನಾನು ಶೂನ್ಯ ಟಿಕೆಟ್ ಹರಿದು ಕೊಟ್ಟೆ. "ರೊಕ್ಕ ಬ್ಯಾಡೇನಪ್ಪಾ?" ಅಂತ ಎರಡು ಸಲ ಕೇಳಿದರು. ಬೇಡ ಅಂದೆ. ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಹುರಿದ ಶೇಂಗಾ ನನ್ನ ಕೈಯಲ್ಲಿಟ್ಟರು. ಪಕ್ಕದ ಸೀಟಿನವರು ನಕ್ಕರು. ನನಗೆ ಗಂಟಲು ಕಟ್ಟಿತು. ಕಾಕಾ ಕನ್ನಡಿಯಲ್ಲಿ ನೋಡುತ್ತಿದ್ದರು.

ಈಗ ನಿಮ್ಮ ಡೈರಿ ವಿಷಯ. ಅದು ಸುಳ್ಳಲ್ಲ. ನೈಟ್ ಹಾಲ್ಟಿನಲ್ಲಿ ಓದೋಕೆ ಬೇಕಾದಷ್ಟು ಸಮಯ ಇರುತ್ತೆ, ಹಾಗಾಗಿ ನಾನೂ ಹುಡುಕಿ ಓದಿದ್ದೇನೆ. 2003ರಲ್ಲಿ ಅಮೆರಿಕದ ರಾಬರ್ಟ್ ಎಮನ್ಸ್, ಮೈಕಲ್ ಮೆಕಲ ಅನ್ನುವ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿ ಬರೆದರು. ಹತ್ತು ವಾರ, ವಾರಕ್ಕೊಮ್ಮೆ ತಮಗೆ ಸಿಕ್ಕ ಒಳ್ಳೆಯದನ್ನು ಬರೆದವರಿಗೆ, ತಾಪತ್ರಯ ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಇತ್ತು. 2005ರಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಅವರ ಜೊತೆಯವರು ಇನ್ನೊಂದು ಮಾಡಿದರು. ಉಪಕಾರ ಮಾಡಿದವರಿಗೆ ಪತ್ರ ಬರೆದು, ಅದನ್ನು ತಾವೇ ಹೋಗಿ ಕೊಡೋದು. ಅವರು ಪ್ರಯತ್ನಿಸಿದ ಉಪಾಯಗಳಲ್ಲಿ ತಕ್ಷಣಕ್ಕೆ ಅತಿ ಜಾಸ್ತಿ ಖುಷಿ ಕೊಟ್ಟಿದ್ದು ಇದೇ. ಆದರೆ ಒಂದು ತಿಂಗಳು ಇದ್ದ ಖುಷಿ ಮೂರು ತಿಂಗಳ ಹೊತ್ತಿಗೆ ಇಳಿದುಹೋಗಿತ್ತು. ಅದನ್ನು ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ಅವರು ಕೊಟ್ಟಿದ್ದು ಒಂದೇ ಸಲ. ಕಾಕಾ ದಿನಾ ಬೆಳಗ್ಗೆ ಡಬ್ಬಿ ತಿಕ್ಕುತ್ತಿದ್ದರು.

ನಿಮ್ಮ ಡೈರಿ ಬೇಜಾರಾಗಿದ್ದು ಅದು ನಿಮ್ಮ ಹತ್ತಿರವೇ ಉಳಿಯಿತು ಅಂತ ಇರಬಹುದು. ಇವತ್ತು ರಾತ್ರಿ ನಿಮ್ಮ ಮನೆಯಲ್ಲಿ ಸಾರು ಮಾಡಿದವರಿಗೆ, ಒಗ್ಗರಣೆಯೋ ಹುಳಿಯೋ ಯಾವುದು ಹದವಾಗಿತ್ತು ಅಂತ ನೋಡಿ ಹೇಳಿ. ಆಫೀಸಿನಲ್ಲಿ ನಿಮ್ಮ ಕೆಲಸ ಸುಲಭ ಆಗೋ ಹಾಗೆ ಫೈಲು ಜೋಡಿಸಿ ಇಟ್ಟವರು ಯಾರು ಅಂತ ಹುಡುಕಿ, ಅವರ ಟೇಬಲ್ಲಿಗೇ ಹೋಗಿ ಹೇಳಿ. ಮೊದಲು ಅವರಿಗೂ ನಿಮಗೂ ಮುಜುಗರ ಆಗುತ್ತೆ. ಆಗಲಿ. ನಮ್ಮವ್ವನಿಗೂ ಆಯಿತು.

ಕಾಕಾ 2024ರಲ್ಲಿ ರಿಟೈರ್ ಆದರು. ಕೊನೆಯ ಹಾಲ್ಟಿನ ಬೆಳಗ್ಗೆ ಡಬ್ಬಿ ತಿಕ್ಕಿ ನನ್ನ ಕೈಗೆ ಕೊಟ್ಟು, "ನೀ ಹೋಗಿ ಕೊಟ್ಟ ಬಾ" ಅಂದರು. ವರ್ಗಾವಣೆ ಅರ್ಜಿಯನ್ನು ನಾನು ಮತ್ತೆ ಹಾಕಲಿಲ್ಲ. ಅವ್ವನನ್ನು ಇಲ್ಲಿಗೇ ಕರೆದುಕೊಂಡು ಬಂದಿದ್ದೇನೆ. ಬಿಸಿಲಿಗೆ ದಿನಾ ಬೈತಾಳೆ.

ನಾಳೆ ಮತ್ತೆ ಅದೇ ಊರಿಗೆ ಹಾಲ್ಟ್ ಇದೆ. ಡಬ್ಬಿ ಈಗ ನನ್ನ ಚೀಲದಲ್ಲೇ ಇದೆ. ಹೋದ ಸಲ ಅಜ್ಜಿ, ನಮ್ಮ ಗಿಡ ಒಣಗಿ ಹೋತು, ಪ್ಯಾಟಿಯೊಳಗ ಕರಿಬೇವು ಸಿಕ್ಕರ ತಾ ಅಂದಿದ್ದರು. ಸಂಜೆ ಮಾರ್ಕೆಟ್ಟಿಗೆ ಹೋಗಬೇಕು.