‘ನಾನಿಲ್ಲದೆ ಎಲ್ಲಾ ಸರಿಯಾಗೇ ನಡೀತಿದೆ’

ಆಸ್ಪತ್ರೆಯಲ್ಲಿ ರೋಗಿಗಳ ಮನಸ್ಸಿನ ಕಷ್ಟ ಕೇಳುವುದು ನನ್ನ ಕೆಲಸ. ಇದು ಅಂಥ ಒಬ್ಬ ರೋಗಿಯ ಕತೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಇಂಥವರನ್ನು ಮತ್ತೆ ಮತ್ತೆ ನೋಡುತ್ತಿರುವುದರಿಂದ ಬರೆಯಲೇಬೇಕು ಅನ್ನಿಸಿತು.

ಗಂಡಸು, ವಯಸ್ಸು ಐವತ್ತರ ಹತ್ತಿರ. ಕಾಲಿನ ಮೂಳೆ ಮುರಿದು, ಆಪರೇಷನ್ ಆದ ಮೇಲೆ ಸೋಂಕು ತಗುಲಿ, ವಾರ್ಡಿನಲ್ಲಿ ಅದು 7ನೇ ವಾರ. ನನಗೆ ಬಂದ ಚೀಟಿಯಲ್ಲಿ ‘ಸಹಕರಿಸುತ್ತಿಲ್ಲ, ಸಿಟ್ಟು ಜಾಸ್ತಿ’ ಎಂದಷ್ಟೇ ಇತ್ತು. ನರ್ಸ್‌ಗಳ ಮೇಲೆ ರೇಗುತ್ತಿದ್ದರು. ಫಿಸಿಯೋಥೆರಪಿಯವರು ಬಂದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಗಂಡಸರ ಖಿನ್ನತೆ ಎಷ್ಟೋ ಸಲ ಹೀಗೆ ಸಿಡುಕಾಗಿಯೇ ಕಾಣುತ್ತದೆ. ನಾವು ‘ಕಿರಿಕಿರಿ ಪೇಶೆಂಟ್’ ಎಂದು ಮುಂದೆ ಹೋಗುತ್ತೇವೆ.

ನಿದ್ದೆ, ಹಸಿವು, ಸುಸ್ತು ಕೇಳಿ ಇವರ ಮನಸ್ಸು ತಿಳಿಯಲು ಆಗಲ್ಲ. ಕಾಯಿಲೆಯೇ ಅವನ್ನೆಲ್ಲ ಕೆಡಿಸಿರುತ್ತದೆ. ಅದಕ್ಕೇ 1983ರಲ್ಲಿ ಬಂದ ‘ಹ್ಯಾಡ್ಸ್’ ಪ್ರಶ್ನಾವಳಿಯನ್ನು ಬಳಸುತ್ತೇನೆ. ಆಸ್ಪತ್ರೆಯ ರೋಗಿಗಳಿಗೆಂದೇ ಮಾಡಿದ್ದು, ಮೈಯ ತೊಂದರೆಗಿಂತ ಹೆಚ್ಚಾಗಿ ಮನಸ್ಸಿನ ಬಗ್ಗೆಯೇ ಕೇಳುತ್ತದೆ. 14 ಪ್ರಶ್ನೆ, 7 ಆತಂಕಕ್ಕೆ, 7 ಖಿನ್ನತೆಗೆ. ಹಿಂದೆ ಇಷ್ಟವಾಗುತ್ತಿದ್ದದ್ದು ಈಗಲೂ ಇಷ್ಟವಾಗುತ್ತದಾ ಎಂಬಲ್ಲಿಗೆ ಬಂದು ಅವರು ಪೆನ್ನು ಕೆಳಗಿಟ್ಟರು.

ನಾನು ಸುಮ್ನೆ ಕೂತೆ. ತುಂಬಾ ಹೊತ್ತಾದ ಮೇಲೆ ಹೇಳಿದರು: “ಇಲ್ಲಿ ದಿನಾ ನನ್ನ ಕೇಳೋದು ಎರಡೇ. ನೋವು ಎಷ್ಟಿದೆ, ಮೋಶನ್ ಆಯ್ತಾ. ಮನೆಯವಳು ಬಂದ್ರೆ ‘ಎಲ್ಲಾ ಸರಿಯಾಗಿದೆ, ನೀವು ಯೋಚನೆ ಮಾಡ್ಬೇಡಿ’ ಅಂತಾಳೆ. ನಿಜ ಮೇಡಂ. ನಾನಿಲ್ಲದೆ ಎಲ್ಲಾ ಸರಿಯಾಗೇ ನಡೀತಿದೆ. ರಾತ್ರಿಯೆಲ್ಲಾ ಅದೇ ತಲೇಲಿ.”

“ಬದುಕೋದೇ ಬೇಡ ಅನ್ಸಿದ್ಯಾ?” ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದ ಹಾಗೆ ಎಂದು ಹೆದರುವವರಿದ್ದಾರೆ. ಹಾಗಾಗುವುದಿಲ್ಲ, ದಯವಿಟ್ಟು ಕೇಳಿ.

“ಏನೂ ಮಾಡ್ಕೊಳ್ಳಲ್ಲ. ಬೆಳಗಾಗದಿದ್ರೆ ಸಾಕು ಅನ್ಸುತ್ತೆ.” ಆಗಲೇ ಮೊದಲ ಸಲ ನನ್ನ ಮುಖ ನೋಡಿದ್ದು.

ಅವರಿಗೆ ಹೇಳಿಯೇ ಅದೇ ದಿನ ಮನೋವೈದ್ಯರನ್ನು ಕರೆಸಿದೆ. ಮಾತ್ರೆ ಶುರುವಾಯಿತು. ಅದರ ಗುಣ ಕಾಣಲು ಕೆಲವು ವಾರ ಬೇಕು. ಅಲ್ಲಿಯವರೆಗೆ?

ಹೆಂಡತಿಗೆ ಹೇಳಿದೆ: “ಮನೆ ತಾಪತ್ರಯ ಅವರ ಹತ್ರ ತನ್ನಿ. ದಿನಕ್ಕೆ ಒಂದು ಸಾಕು. ಅವರು ಹೇಳಿದ ಹಾಗೇ ಮಾಡಿ, ಏನಾಯ್ತು ಅಂತ ಮಾರನೇ ದಿನ ಬಂದು ಹೇಳಿ.”

“ಹುಷಾರಿಲ್ಲದವರ ತಲೆ ಮೇಲೆ ಇನ್ನೊಂದು ಭಾರಾನಾ?” ಎಂದರು. ವಾರ್ಡಿನ ವೈದ್ಯರೂ ಅದನ್ನೇ ಕೇಳಿದರು. ನಾನು ಬಿಡಲಿಲ್ಲ. ಯಾವಾಗ ಏಳಬೇಕು, ಯಾವಾಗ ದೀಪ ಆರಿಸಬೇಕು, ಯಾರ ಮುಂದೆ ಬಟ್ಟೆ ಬಿಚ್ಚಬೇಕು, ಎಲ್ಲವನ್ನೂ 7 ವಾರದಿಂದ ಬೇರೆಯವರೇ ತೀರ್ಮಾನಿಸಿದ್ದಾರೆ. ಸಂಸಾರ ಹೊರುವುದರಲ್ಲೇ ತನ್ನ ಬೆಲೆ ಇದೆ ಎಂದುಕೊಂಡವರಿಗೆ ‘ಆರಾಮಾಗಿ ಮಲಗಿ’ ಅಂದರೆ ಹೇಗೆ ಕೇಳಿಸುತ್ತದೆ, ಯೋಚಿಸಿ. ಆ ನಂಬಿಕೆ ಸರಿಯಾ ತಪ್ಪಾ ಎಂದು ಆಮೇಲೆ ಮಾತಾಡಬಹುದು. ಮೊದಲು ಅವರು ಹಾಸಿಗೆ ಬಿಟ್ಟು ಏಳಬೇಕು, ಅಲ್ವಾ?

ಒಂದು ಮಾತು ಮಾತ್ರ ನೆನಪಿಡಿ. ಯಾವ ರೋಗಿಯಾದರೂ ಒಂದೆರಡು ದಿನದಲ್ಲೇ ಮಂಕಾಗಿ, ಹೊತ್ತು ಗೊತ್ತು ತಪ್ಪಿ ಮಾತಾಡಿದರೆ ಅದು ಖಿನ್ನತೆಯಲ್ಲ, ಬೇರೆ ತೊಂದರೆ ಇರಬಹುದು. ತಕ್ಷಣ ವೈದ್ಯರಿಗೆ ತಿಳಿಸಿ.

9ನೇ ವಾರ ಫಿಸಿಯೋಥೆರಪಿಯವರಿಗೆ ಇವರು, “ಬೆಳಿಗ್ಗೆ ಬೇಡ, ಸಂಜೆ 4ಕ್ಕೆ ಬನ್ನಿ” ಎಂದರಂತೆ. ಫೈಲಿನಲ್ಲಿ ಮತ್ತೆ ‘ಸಹಕರಿಸುತ್ತಿಲ್ಲ’ ಎಂದು ಬರೆಯಲು ಹೊರಟಿದ್ದರು. ಬೇಡ, ಸಂಜೆ ಹೋಗಿ ನೋಡಿ ಎಂದೆ. ಹೋದಾಗ ಅವರು ಮಂಚದಿಂದ ಕಾಲು ಇಳಿಬಿಟ್ಟು ಕಾಯುತ್ತಾ ಕೂತಿದ್ದರು.