ಹಳೇ ಗಾಡಿ, ಹಳೇ ಬಿಲ್ಲೆ: ಗ್ಯಾರೇಜ್ ಕಾಕಾಗೆ ಓದುಗರ ಪ್ರಶ್ನೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹರಾಜಿನ ಬಗ್ಗೆಯೇ ಇವೆ. ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು, ಅದರ ಮುಂದೆ ಕೂರಿಸುವ ಬಿಲ್ಲೆ, ಪೆಟ್ರೋಲ್ ಬಂಕಿನ ತಗಡಿನ ಬೋರ್ಡು, ಎಲ್ಲವನ್ನೂ ಮೊಬೈಲಿನಲ್ಲೇ ನೋಡಿ ಬಿಡ್ ಹಾಕುವ ಕಾಲ ಬಂದಿದೆ. ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿ ಅಪ್ಪನ ಗ್ಯಾರೇಜಿನಲ್ಲಿ ನಾನು ಪಾನಾ ಹಿಡಿದು ನಲವತ್ತೈದು ವರ್ಷ ದಾಟಿತು. ಕೈಯಿಂದ ಮುಟ್ಟಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಕಾಕಾ, ನಾನು ಕಲಬುರಗಿಯವನೇ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಇಂಗ್ಲೆಂಡಿನ ಒಂದು ಆನ್‌ಲೈನ್ ಹರಾಜಿನಲ್ಲಿ 1972ರ ಎಂಜಿಬಿ ಅನ್ನುವ ಸ್ಪೋರ್ಟ್ಸ್ ಕಾರಿಗೆ 8,000 ಪೌಂಡ್ ಅಂದಾಜು ಹಾಕಿದ್ದಾರೆ. ಇಲ್ಲಿ ಒಂದು ಹೊಸ ಕಾರಿಗೂ ಅಷ್ಟಾಗುತ್ತದೆ. ಬಿಡ್ ಹಾಕಲಾ?

ತಮ್ಮಾ, ಮೊದಲು ಲೆಕ್ಕ ನೋಡೋಣ. ನಮ್ಮ ಗಂಜ್‌ನಲ್ಲಿ ತೊಗರಿ ಸವಾಲಿಗೆ ಕೂಗಿದ ದರವೇ ಕೊನೆಯ ಲೆಕ್ಕ ಅಲ್ಲ, ಅಲ್ವಾ? ಅಡತಿ, ಹಮಾಲಿ, ತೂಕ ಎಲ್ಲ ಆಮೇಲೆ ಬರುತ್ತವೆ. ಅಲ್ಲೂ ಹಾಗೇ. ಸುತ್ತಿಗೆ ಬಡಿದ ಬೆಲೆಯ ಮೇಲೆ ಕೊಳ್ಳುವವನು ಹರಾಜು ಮನೆಗೆ ದಲಾಲಿ ಕೊಡಬೇಕು. ಅದನ್ನು ಬೈಯರ್ಸ್ ಪ್ರೀಮಿಯಂ ಅನ್ನುತ್ತಾರೆ. ದರ ಒಂದೊಂದು ಕಡೆ ಒಂದೊಂದು. ನೂರಕ್ಕೆ 12.5 ಅಂದುಕೊಂಡರೆ 8,000ಕ್ಕೆ 1,000 ಪೌಂಡ್. ಆ ದಲಾಲಿಯ ಮೇಲೆ ಅಲ್ಲಿನ ವ್ಯಾಟ್ ನೂರಕ್ಕೆ 20, ಅಂದರೆ ಇನ್ನೂ 200. ಕಾರು ಅಲ್ಲಿಂದ ಅಲುಗಾಡುವ ಮೊದಲೇ 9,200 ಆಯಿತು. ಇದಕ್ಕೆ ಹಡಗಿನ ಬಾಡಿಗೆ, ವಿಮೆ ಸೇರಿಸಬೇಕು. ನಮ್ಮ ಕಸ್ಟಮ್ಸ್‌ನವರು ಸುಂಕ ಹಾಕುವುದು ಬರೀ ಕಾರಿನ ಬೆಲೆಯ ಮೇಲಲ್ಲ, ಬಾಡಿಗೆ ಮತ್ತು ವಿಮೆ ಸೇರಿದ ಮೊತ್ತದ ಮೇಲೆ.

ತರಲು ಅನುಮತಿ ಇದೆಯಾ ಅನ್ನುವುದು ಇದಕ್ಕಿಂತ ದೊಡ್ಡ ಪ್ರಶ್ನೆ. ಬಹಳ ವರ್ಷ 1950ರ ಜನವರಿ 1ಕ್ಕಿಂತ ಮುಂಚೆ ತಯಾರಾದ ಗಾಡಿಗಳನ್ನು ಮಾತ್ರ ಸ್ವಂತ ಬಳಕೆಗೆ ಲೈಸೆನ್ಸ್ ಇಲ್ಲದೆ ತರಬಹುದಿತ್ತು. ಎಂಜಿಬಿ ಹುಟ್ಟಿದ್ದೇ 1962ರಲ್ಲಿ. ಈ ನಿಯಮಗಳು ಬದಲಾಗುತ್ತವೆ. ಹಾಗಾಗಿ ಬಿಡ್ ಹಾಕುವ ದಿನ ಜಾರಿಯಲ್ಲಿರುವ ಆದೇಶವನ್ನು ಕಸ್ಟಮ್ಸ್ ಏಜೆಂಟರ ಜೊತೆ ಕೂತು ಓದಿ. ಗೆದ್ದ ಮೇಲೆ ಓದಿದರೆ ಪ್ರಯೋಜನ ಇಲ್ಲ.

ಇನ್ನು ಕಾರಿನ ವಿಷಯ. ಎಂಜಿಬಿಗೆ ಬೇರೆ ಚಾಸಿ, ಅಂದರೆ ಕೆಳಗಿನ ಚೌಕಟ್ಟು, ಇಲ್ಲ, ಮೈಯೇ ಚಾಸಿ. ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಭಾಗಕ್ಕೆ ಸಿಲ್ ಅನ್ನುತ್ತಾರೆ. ಕಾರಿನ ಭಾರ ಹೊರುವುದರಲ್ಲಿ ಅದರದ್ದೇ ದೊಡ್ಡ ಪಾಲು. ಅದು ತುಕ್ಕು ಹಿಡಿದರೆ ಬೆನ್ನುಮೂಳೆ ಹೋದಂತೆ. 2018ರಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿನ ಕೊವೆಂಟ್ರಿಗೆ ಹೋದಾಗ ಹತ್ತಿರದಲ್ಲೇ ಒಂದು ಹರಾಜು ನೋಡಿದೆ. ವಯಸ್ಸಾದ ಒಬ್ಬರು ಒಳ್ಳೆಯ ಕೋಟು ಹಾಕಿಕೊಂಡೇ ನೆಲದ ಮೇಲೆ ಮಂಡಿಯೂರಿದರು. ಜೇಬಿನಿಂದ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ತೆಗೆದು ಸಿಲ್ ಮೇಲೆ ಮೆಲ್ಲಗೆ ಎಳೆದರು. ಒಂದು ಕಡೆ ಹಿಡಿಯಿತು, ಗೇಣು ದೂರದಲ್ಲಿ ಜಾರಿತು. ಜಾರಿದಲ್ಲಿ ಕಬ್ಬಿಣ ಇಲ್ಲ, ಪುಟ್ಟಿ ಇದೆ. ಅವರು ಎದ್ದು, ಕೈಯಲ್ಲಿದ್ದ ಪಟ್ಟಿಯಲ್ಲಿ ಆ ಕಾರಿನ ನಂಬರಿಗೆ ಗೆರೆ ಎಳೆದು ಮುಂದೆ ಹೋದರು. ಬೆಂಗಳೂರಿನಲ್ಲಿ ಕೂತು ಫೋಟೊ ನೋಡುವ ನಿನಗೆ ಆ ಅಯಸ್ಕಾಂತ ಇಲ್ಲ. ಅಲ್ಲಿರುವ ಯಾರಿಗಾದರೂ ಹಣ ಕೊಟ್ಟು ನೋಡಿಸು, ಇಲ್ಲವೇ ಬಿಟ್ಟುಬಿಡು. ಎಂಜಿಬಿ 1980ರ ತನಕ 5 ಲಕ್ಷಕ್ಕೂ ಹೆಚ್ಚು ತಯಾರಾಗಿವೆ. ಇದು ಹೋದರೆ ಇನ್ನೊಂದು ಬರುತ್ತದೆ.

ಒಂದು ಮಾತು ಹೇಳಲೇಬೇಕು. ಎಂಜಿಬಿಗಿಂತ ಮುಂಚೆ ಬಂದ 1955ರ ಎಂಜಿಎ ಕಾರಿನಲ್ಲಿದ್ದದ್ದು 1,489 ಸಿಸಿ ಬಿ-ಸೀರೀಸ್ ಎಂಜಿನ್. ನಮ್ಮ ಪೆಟ್ರೋಲ್ ಅಂಬಾಸಿಡರ್ ಎಷ್ಟೋ ವರ್ಷ ಓಡಿದ್ದೂ ಅದೇ ಮನೆತನದ 1,489 ಸಿಸಿ ಎಂಜಿನ್ ಮೇಲೆ. ಎಂಜಿಬಿಯದು ಅದೇ ಎಂಜಿನ್ನಿನ ದೊಡ್ಡ ರೂಪ, 1,798 ಸಿಸಿ. ಕಾರ್ಬೊರೇಟರ್ ಕೂಡ ಅದೇ ಎಸ್‌ಯು. ಅಂಬಾಸಿಡರಿಗೆ ಒಂದು, ಎಂಜಿಗೆ ಎರಡು. ಏರ್ ಫಿಲ್ಟರ್ ಬಿಚ್ಚಿ, ಕಾರ್ಬೊರೇಟರ್ ಒಳಗಿನ ಪಿಸ್ಟನ್ ಬೆರಳಿನಿಂದ ಎತ್ತಿ ಬಿಟ್ಟರೆ 'ಟಕ್' ಅಂತ ಬೀಳಬೇಕು. ಸದ್ದಿಲ್ಲದೆ ಇಳಿದರೆ ಎಲ್ಲೋ ಉಜ್ಜುತ್ತಿದೆ ಅಂತ ಅರ್ಥ. ಊರಿಗೆ ಬಂದಾಗ ಗ್ಯಾರೇಜಿಗೆ ಬಾ. ಆ ಸದ್ದು ಕೇಳಿಸುತ್ತೇನೆ. ಎಂಜಿ ಕನಸು ಅಲ್ಲಿಂದ ಶುರುವಾಗಲಿ.

ಹುಮನಾಬಾದಿನಲ್ಲಿ ಮೆಕ್ಯಾನಿಕ್ ನಾನು. ಹೈದರಾಬಾದಿನ ಒಬ್ಬರ ಎಂಜಿ ಟಿಸಿ ಕಾರಿನ ಕೆಲಸಕ್ಕೆ ಕರೆದಿದ್ದರು. 13ರ ಪಾನಾ ಕೂರುವುದಿಲ್ಲ, 14 ಹಾಕಿದರೆ ಜಾರುತ್ತದೆ. ಏನು ಮಾಡಲಿ?

14 ಹಾಕಲೇಬೇಡ, ಬೋಲ್ಟಿನ ತಲೆ ಉರುಟಾಗುತ್ತದೆ. ಅದಕ್ಕೆ ಬ್ರಿಟನ್ನಿನ ಹಳೇ ಇಂಚಿನ ಅಳತೆಯ ವಿಟ್‌ವರ್ತ್ ಪಾನಾ ಬೇಕು. ಕಾಲು ಇಂಚಿನ ವಿಟ್‌ವರ್ತ್ ಪಾನಾದ ಬಾಯಿ 0.525 ಇಂಚು, ಅಂದರೆ 13.3 ಮಿಲಿಮೀಟರ್. ಪಾನಾ ಮೇಲಿನ ನಂಬರ್ ಹೇಳುವುದು ಬೋಲ್ಟಿನ ದಪ್ಪವನ್ನು, ಬಾಯಿಯ ಅಗಲವನ್ನಲ್ಲ. ಹೊಸಬರು ಎಡವುವುದು ಇಲ್ಲೇ. ಟಿಸಿ ಎಂಜಿನ್ನಿನಲ್ಲಿ ಇನ್ನೊಂದು ವಿಚಿತ್ರ ಇದೆ: ಬೋಲ್ಟಿನ ತಲೆ ವಿಟ್‌ವರ್ತ್ ಅಳತೆ, ಮರೆ (ಥ್ರೆಡ್) ಮಾತ್ರ ಮೆಟ್ರಿಕ್. ಹಾಗಾಗಿ ಬೋಲ್ಟ್ ಕಳೆದರೆ ತಲೆ ನೋಡಿ ಬೇರೆ ತರಬೇಡ. ಬ್ಯಾಟರಿ ಕಟ್ಟುವಾಗಲೂ ಎಚ್ಚರ. ಆ ಕಾರಿನ ಮೈಗೆ ಕಟ್ಟುವುದು ಪ್ಲಸ್ ತಂತಿ.

ಸೇಡಂನಿಂದ ಕೇಳುತ್ತಿದ್ದೇನೆ. ಒಂದು ಹಳೇ ಆಸ್ಟನ್ ಮಾರ್ಟಿನ್ ನೂರಾರು ಕೋಟಿಗೆ ಹೋಯಿತು ಅಂತ ಓದಿದೆ. ನಿಜವಾ?

ನಿಜ. 2017ರ ಆಗಸ್ಟ್‌ನಲ್ಲಿ ಅಮೆರಿಕದ ಮಾಂಟೆರೇಯಲ್ಲಿ ಆಸ್ಟನ್ ಮಾರ್ಟಿನ್ ಡಿಬಿಆರ್1 ಕಾರು 2.255 ಕೋಟಿ ಡಾಲರಿಗೆ ಹೋಯಿತು. ದಲಾಲಿ ಸೇರಿ. ಆಗಿನ ಲೆಕ್ಕದಲ್ಲಿ 140 ಕೋಟಿ ರೂಪಾಯಿಗೂ ಮೇಲೆ. ಅಂಥವು ಇರುವುದೇ ಐದು, ರೇಸ್ ಗೆದ್ದ ಚರಿತ್ರೆ ಬೇರೆ.

ಬೀದರಿನಿಂದ ಗೃಹಿಣಿ. ಮಾವನವರ ಟ್ರಂಕಿನಲ್ಲಿ ರೆಕ್ಕೆ ಇರುವ, ನಡುವೆ ಎರಡು ಎ ಅಕ್ಷರ ಇರುವ ಲೋಹದ ಬಿಲ್ಲೆ ಸಿಕ್ಕಿತು. ಕೆಳಗೆ ನಂಬರ್ ಇದೆ. ಕಪ್ಪಾಗಿದೆ. ಹುಣಸೆಹಣ್ಣು ಹಾಕಿ ತಿಕ್ಕಬಹುದಾ? ಹರಾಜಿಗೆ ಕೊಟ್ಟರೆ ಬೆಲೆ ಬರುತ್ತದಾ? ಫೋಟೊ ಕಳಿಸಿದ್ದೇನೆ.

ತಂಗಿ, ತಿಕ್ಕಬೇಡಮ್ಮ. ಈ ಪತ್ರ ಓದಿದ ತಕ್ಷಣ ನನಗೆ ಭಯ ಆಯಿತು, ಅದಕ್ಕೇ ಮೊದಲು ಈ ಮಾತು.

ಅದು ಬ್ರಿಟನ್ನಿನ ಆಟೊಮೊಬೈಲ್ ಅಸೋಸಿಯೇಷನ್ನಿನ ಸದಸ್ಯರ ಬಿಲ್ಲೆ. ಆ ಸಂಘ ಶುರುವಾದದ್ದು 1905ರಲ್ಲಿ. ವೇಗದ ಮಿತಿ ಮೀರಿದವರನ್ನು ಹಿಡಿಯಲು ಪೊಲೀಸರು ರಸ್ತೆ ಬದಿ ಹೊಂಚು ಹಾಕುತ್ತಿದ್ದರು, ಅವರಿಂದ ಕಾರಿನವರನ್ನು ಕಾಪಾಡುವುದಕ್ಕೆ. ಸಂಘದ ಗಸ್ತಿನವರು ಈ ಬಿಲ್ಲೆ ಇರುವ ಕಾರು ಕಂಡರೆ ಸೆಲ್ಯೂಟ್ ಹೊಡೆಯುತ್ತಿದ್ದರು. ಹೊಡೆಯದಿದ್ದರೆ ಮುಂದೆ ಪೊಲೀಸರಿದ್ದಾರೆ, ನಿಧಾನ ಮಾಡು ಅಂತ ಅರ್ಥ. ನಿಮ್ಮ ಟ್ರಂಕಿನ ಬಿಲ್ಲೆಗೆ ಎಷ್ಟು ಸೆಲ್ಯೂಟ್ ಬಿದ್ದಿವೆಯೋ! ಕೆಳಗಿನ ನಂಬರ್ ಸದಸ್ಯರದ್ದು. ಆ ನಂಬರ್ ಮತ್ತು ಬಿಲ್ಲೆಯ ಆಕಾರ ನೋಡಿ ಯಾವ ಕಾಲದ್ದು ಅಂತ ಬಲ್ಲವರು ಹೇಳುತ್ತಾರೆ. ತಿಕ್ಕಿ ತಿಕ್ಕಿ ನಂಬರ್ ಸವೆದರೆ ಅದನ್ನು ಓದುವವರು ಯಾರು?

ಇದು ನನ್ನ ಕೈಯಿಂದಲೇ ಆದ ತಪ್ಪು. 1981ರಲ್ಲಿ ಊರಿನ ಒಬ್ಬ ಡಾಕ್ಟರು ತಮ್ಮ ಕಾರನ್ನು ಸರ್ವಿಸಿಗೆ ಬಿಟ್ಟಿದ್ದರು. ಮುಂದೆ ನೀಲಿ ಮೀನಾ (ಎನಾಮೆಲ್) ಕೆಲಸದ ಒಂದು ಬಿಲ್ಲೆ ಇತ್ತು. ಡಾಕ್ಟರು ಖುಷಿಪಡಲಿ ಅಂತ ನಾನು ಸೊನ್ನೆ ನಂಬರ್ ಎಮರಿ ಪೇಪರ್ ತಗೊಂಡು ಉಜ್ಜಿದೆ. ಲೋಹ ಚಿನ್ನದಂತೆ ಹೊಳೆಯಿತು, ಆದರೆ ಮೇಲಿನ ನಿಕ್ಕಲ್ ಹೋಗಿತ್ತು, ನೀಲಿಯ ಮೇಲೆ ಕೂದಲೆಳೆಯಂಥ ಗೀರು ತುಂಬಿದ್ದವು. ಡಾಕ್ಟರು ಬಂದು ಬೆರಳಾಡಿಸಿದರು. 'ಇದು ನಮ್ಮಪ್ಪ ಹಚ್ಚಿದ್ದು' ಅಂದರು, ಅಷ್ಟೇ. ಬೈಯಲಿಲ್ಲ. ಕಾರು ಮಾರುವಾಗ ಆ ಬಿಲ್ಲೆ ಬಿಚ್ಚಿ ನನಗೇ ಕೊಟ್ಟು ಹೋದರು. ಇವತ್ತಿಗೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಹೊಸ ಹುಡುಗ ಕೆಲಸಕ್ಕೆ ಸೇರಿದರೆ ಮೊದಲ ದಿನ ಅದನ್ನೇ ಅವನ ಕೈಗೆ ಕೊಡುತ್ತೇನೆ.

ನೀವು ಬೀದರಿನವರು, ನಿಮಗೆ ಇದು ಬೇಗ ತಿಳಿಯುತ್ತದೆ. ಬಿದರಿ ಹೂಜಿಯ ಕಪ್ಪನ್ನು ಕೊಳೆ ಅಂತ ಯಾರಾದರೂ ತಿಕ್ಕುತ್ತಾರಾ? ಕೋಟೆಯ ಮಣ್ಣಿನಿಂದ ಬಂದ ಬಣ್ಣ ಅದು, ಎಣ್ಣೆ ಹಚ್ಚಿ ಒರೆಸುತ್ತೇವೆ, ಅಷ್ಟೇ. ಬಿಲ್ಲೆಗೂ ಹಾಗೇ ಮಾಡಿ. ಉಗುರು ಬೆಚ್ಚಗಿನ ನೀರಿನಲ್ಲಿ ಮೆತ್ತನೆ ಬಟ್ಟೆ ಅದ್ದಿ ಧೂಳು ತೆಗೆಯಿರಿ. ಪೂರ್ತಿ ಒಣಗಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಹಿಂದಿನ ಬೋಲ್ಟು, ಪಟ್ಟಿ ಇದ್ದರೆ ಎಸೆಯಬೇಡಿ.

ಬೆಲೆಯ ಮಾತು. ಈ ಬಿಲ್ಲೆಗಳು ಲಕ್ಷಗಟ್ಟಲೆ ಹೊರಬಂದಿವೆ, ಹಾಗಾಗಿ ದೊಡ್ಡ ಮೊತ್ತ ನಿರೀಕ್ಷೆ ಮಾಡಬೇಡಿ. ಆದರೆ ಮಾವನವರ ಕೈಗೆ ಅದು ಹೇಗೆ ಬಂತು? ಯಾರ ಕಾರು ಓಡಿಸುತ್ತಿದ್ದರು? ಟ್ರಂಕಿನಲ್ಲಿ ಒಂದು ಫೋಟೊ, ಒಂದು ಲೈಸೆನ್ಸು, ಒಂದು ರಸೀದಿ ಇದ್ದರೆ ಬಿಲ್ಲೆಯ ಜೊತೆಗೇ ಇಡಿ. ಹರಾಜಿನಲ್ಲಿ ಒಂಟಿ ಬಿಲ್ಲೆಗಿಂತ ಕಾಗದ ಇರುವ ಬಿಲ್ಲೆಗೆ ಕೈ ಮೇಲೇಳುತ್ತದೆ. ಮನೆಯ ಹಿರಿಯರು ಇನ್ನೂ ಇದ್ದರೆ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ.

ಶಹಾಪುರದಲ್ಲಿ ನನ್ನದು ಸಣ್ಣ ಹೋಟೆಲ್. ಗೋಡೆಗೆ ಹಾಕಲು ಬರ್ಮಾ-ಶೆಲ್ ತಗಡಿನ ಬೋರ್ಡು ಕೊಳ್ಳಬೇಕು ಅಂತಿದ್ದೇನೆ. 1910ರದ್ದು, ಬ್ರಿಟಿಷರ ಕಾಲದ ಅಸಲಿ ಮಾಲು ಅಂತ ಮಾರುವವ 25,000 ಹೇಳುತ್ತಾನೆ.

ಅಣ್ಣಾ, ಬರ್ಮಾ-ಶೆಲ್ ಅನ್ನುವ ಹೆಸರು ನಮ್ಮ ದೇಶದಲ್ಲಿ ಶುರುವಾದದ್ದೇ 1928ರಲ್ಲಿ. 1976ರಲ್ಲಿ ಸರ್ಕಾರ ಅದನ್ನು ತಗೊಂಡಿತು, ಈಗಿನ ಭಾರತ್ ಪೆಟ್ರೋಲಿಯಂ ಅದೇ. ಹಾಗಾಗಿ ಅಸಲಿ ಬೋರ್ಡು ಆ ನಲವತ್ತೆಂಟು ವರ್ಷದ ಒಳಗಿನದೇ ಆಗಿರಬೇಕು. 1910 ಅಂದವನಿಗೆ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಹೇಳುತ್ತಿದ್ದಾನೆ.

ಬೋರ್ಡನ್ನೇ ಕೇಳಿ. ಕಣ್ಣು ಮುಚ್ಚಿ ಅಕ್ಷರದ ಅಂಚಿನ ಮೇಲೆ ಬೆರಳಾಡಿಸಿ. ಹಳೇ ಮೀನಾ ಬೋರ್ಡಿಗೆ ಒಂದೊಂದು ಬಣ್ಣವನ್ನೂ ಬೇರೆ ಬೇರೆ ಬಳಿದು ಭಟ್ಟಿಯಲ್ಲಿ ಸುಡುತ್ತಿದ್ದರು. ಬಣ್ಣ ಬದಲಾಗುವಲ್ಲಿ ಸಣ್ಣ ಮೆಟ್ಟಿಲು ಬೆರಳಿಗೆ ಸಿಗುತ್ತದೆ. ಈಗಿನ ಪ್ರಿಂಟ್ ಗಾಜಿನಂತೆ ಸಪಾಟು. ಮೊಳೆಯ ತೂತು ನೋಡಿ. ಸ್ಕ್ರೂ ಬಿಗಿದಾಗ ಸುತ್ತ ಮೀನಾ ಎದ್ದು, ಕೆಳಗೆ ಗಾಢ ಕಪ್ಪು ಪದರ, ಅದರ ಕೆಳಗೆ ತುಕ್ಕು ಕಾಣಬೇಕು. ತೂತು ನೀಟಾಗಿದ್ದು ತುಕ್ಕು ಮಾತ್ರ ಎಲ್ಲ ಕಡೆ ಒಂದೇ ಸಮ ಇದ್ದರೆ ಅದು ಉಪ್ಪು ನೀರು ಹಾಕಿ ಬರಿಸಿದ ತುಕ್ಕು. ಹೋಟೆಲಿನ ಅಂದಕ್ಕೆ ಮಾತ್ರ ಬೇಕಿದ್ದರೆ ನಕಲಿಯನ್ನು ನಕಲಿಯ ಬೆಲೆಗೇ ತನ್ನಿ, ಅದರಲ್ಲಿ ತಪ್ಪೇನಿಲ್ಲ.

ಆಳಂದದಿಂದ ರೈತ. ಅಜ್ಜನ 1966ರ ಸ್ಟ್ಯಾಂಡರ್ಡ್ ಹೆರಾಲ್ಡ್ ಕೊಟ್ಟಿಗೆಯಲ್ಲಿ ನಿಂತು ಇಪ್ಪತ್ತು ವರ್ಷ. ಗುಜರಿಯವರು 30,000 ಕೊಡುತ್ತೇವೆ ಅಂತಾರೆ. ಕೊಡಲಾ? ಇದು ಸ್ಪೋರ್ಟ್ಸ್ ಕಾರಂತೂ ಅಲ್ಲವಲ್ಲ?

ಕೊಡಬೇಡಿ. ಮದ್ರಾಸಿನಲ್ಲಿ ತಯಾರಾದರೂ ಅದು ಕೊವೆಂಟ್ರಿಯ ಟ್ರಯಂಫ್ ಹೆರಾಲ್ಡೇ. ಇಟಲಿಯ ಮಿಕೆಲೊಟ್ಟಿ ಬಿಡಿಸಿದ ಆಕಾರ. 1962ರಲ್ಲಿ ಟ್ರಯಂಫ್‌ನವರು ಹೆರಾಲ್ಡ್ ಚಾಸಿಯನ್ನೇ ಆಧಾರ ಮಾಡಿಕೊಂಡು, ಗಿಡ್ಡ ಮಾಡಿ, ಸ್ಪಿಟ್‌ಫೈರ್ ಅನ್ನುವ ಸ್ಪೋರ್ಟ್ಸ್ ಕಾರು ತಂದರು. ಬಾನೆಟ್ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಎದ್ದು ನಿಲ್ಲುತ್ತದಲ್ಲ, ಅದೂ ಎರಡರಲ್ಲಿ ಒಂದೇ. ಮುಂದಿನ ಸಸ್ಪೆನ್ಷನ್ ಕೂಡ ಅದೇ ಮನೆತನದ್ದು. ಹಾಗಾಗಿ ಸ್ಪಿಟ್‌ಫೈರ್‌ಗೆ ಅಂತ ಹರಾಜಿಗೆ ಬರುವ ಬಿಡಿ ಭಾಗಗಳಲ್ಲಿ ಎಷ್ಟೋ ನಿಮ್ಮ ಗಾಡಿಗೂ ಬರುತ್ತವೆ.

ಮೊದಲು ಆರ್‌ಸಿ ಪುಸ್ತಕ ಹುಡುಕಿ, ಚಾಸಿ ನಂಬರ್ ಪ್ಲೇಟಿನ ಜೊತೆ ತಾಳೆ ನೋಡಿ. 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ಖಾಸಗಿ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಹಳೇ ನೋಂದಣಿ ಇದ್ದರೆ ಹಳೇ ನಂಬರೇ ಉಳಿಯುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷ ನಡೆಯುತ್ತದೆ. ಆದರೆ ದಿನಾ ಸಂತೆಗೆ ಒಯ್ಯುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲಿಗೆ ಮಾತ್ರ. ಎಂಜಿನ್, ಚಾಸಿ, ಬಾಡಿ ಮೂಲದಂತೆ ಇರಬೇಕು. ಅದಕ್ಕೇ ಟಿಂಕರಿಂಗ್‌ನವರ ಕೈಗೆ ಅವಸರದಲ್ಲಿ ಕೊಡಬೇಡಿ.

ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ, ತಳ್ಳಿ ಹೊರಗೂ ತರಬೇಡಿ. ಮುಂದಿನ ಚಕ್ರದ ಹಿಂದೆ ಕೆಳಗಡೆ ಟ್ರನಿಯನ್ ಅಂತ ಒಂದು ಕೀಲು ಇದೆ. ಅದಕ್ಕೆ ಗ್ರೀಸ್ ಅಲ್ಲ, 90ರ ಗೇರ್ ಆಯಿಲ್ ಹೋಗಬೇಕು. ಒಣಗಿದ್ದರೆ ಚಕ್ರವೇ ಮುರಿದು ಮಲಗುತ್ತದೆ. ಸುಗ್ಗಿ ಮುಗಿಯಲಿ, ಒಂದು ಭಾನುವಾರ ಆಯಿಲ್ ಗನ್ ಹಿಡಿದುಕೊಂಡು ನಾನೇ ಆಳಂದಕ್ಕೆ ಬರುತ್ತೇನೆ. ಅಷ್ಟರಲ್ಲಿ ಕೊಟ್ಟಿಗೆಯ ಹುಲ್ಲು ಗಾಡಿಯ ಮೇಲಿಂದ ತೆಗೆಸಿಡಿ.