ರಾತ್ರಿ ಇದ್ದ ತಕ್ಕಡಿ ಬೆಳಿಗ್ಗೆ ನೆಟ್‌ವರ್ಕ್‌ನಲ್ಲಿ ಕಾಣೆ

ಪ್ರಶ್ನೆ: ನಮ್ಮ ದಿನಸಿ ಅಂಗಡಿಯಲ್ಲಿ ಲೇಬಲ್ ಮುದ್ರಿಸುವ ಎರಡು ತಕ್ಕಡಿಗಳಿವೆ. ದರಗಳನ್ನು ಕಂಪ್ಯೂಟರ್‌ನಿಂದ ಕಳಿಸುತ್ತೇವೆ. ರಾತ್ರಿ ಸರಿಯಾಗಿಯೇ ಇದ್ದ ತರಕಾರಿ ವಿಭಾಗದ ತಕ್ಕಡಿಗೆ ಕೆಲವು ದಿನ ಬೆಳಿಗ್ಗೆ ದರ ಹೋಗುವುದೇ ಇಲ್ಲ. ಕೇಬಲ್ ಬದಲಿಸಿ ನೋಡಿದ್ದಾಯಿತು. (ದಾವಣಗೆರೆ)

ಉತ್ತರ: ಕೆಲವು ದಿನ ಸರಿ, ಕೆಲವು ದಿನ ಇಲ್ಲ ಎಂದರೆ ಮೊದಲು ಅನುಮಾನಿಸಬೇಕಾದ್ದು ಕೇಬಲನ್ನಲ್ಲ, ಐಪಿ ವಿಳಾಸವನ್ನು, ಅಂದರೆ ನೆಟ್‌ವರ್ಕ್‌ನಲ್ಲಿ ಪ್ರತಿ ಸಾಧನವನ್ನು ಗುರುತಿಸುವ ಸಂಖ್ಯೆಯನ್ನು. ರಾತ್ರಿ ನೀವು ತಕ್ಕಡಿ ಆರಿಸಿ ಹೋಗುತ್ತೀರಿ. ಬೆಳಿಗ್ಗೆ ಅದಕ್ಕಿಂತ ಮೊದಲು ಯಾರದೋ ಮೊಬೈಲ್ ಅಥವಾ ಸಿಸಿಟಿವಿ ಕ್ಯಾಮೆರಾ ವೈಫೈಗೆ ಸೇರುತ್ತದೆ. ಆ ಹೊತ್ತಿಗೆ ತಕ್ಕಡಿಯ ವಿಳಾಸ ರೂಟರ್‌ಗೆ ಖಾಲಿಯಾಗಿ ಕಾಣುತ್ತದೆ, ಅದನ್ನೇ ಹೊಸಬರಿಗೆ ಕೊಟ್ಟುಬಿಡುತ್ತದೆ. ಆಮೇಲೆ ತಕ್ಕಡಿ ತನ್ನಲ್ಲಿ ಬರೆದಿಟ್ಟ ಅದೇ ವಿಳಾಸದೊಂದಿಗೆ ಎದ್ದಾಗ ಒಂದೇ ವಿಳಾಸಕ್ಕೆ ಇಬ್ಬರು.

ಹೀಗೇ ಆಗಿದೆಯೇ ಎಂದು ಪರೀಕ್ಷಿಸುವುದು ಸುಲಭ. ದರ ಹೋಗದ ದಿನ ತಕ್ಕಡಿಯ ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ. ನಂತರ ಕಂಪ್ಯೂಟರ್‌ನ ಕಮಾಂಡ್ ಪ್ರಾಂಪ್ಟ್‌ನಿಂದ ಅದೇ ವಿಳಾಸಕ್ಕೆ ಪಿಂಗ್ ಮಾಡಿ (ping ಎಂದು ಬರೆದು ಮುಂದೆ ವಿಳಾಸ ಹಾಕಿದರೆ, ಅಲ್ಲಿ ಸಾಧನವಿದ್ದಲ್ಲಿ ಉತ್ತರ ಬರುತ್ತದೆ). ಕೇಬಲ್ ಇಲ್ಲದಿದ್ದರೂ ಉತ್ತರ ಬಂದರೆ ಆ ವಿಳಾಸದಲ್ಲಿ ಬೇರೆ ಯಾವುದೋ ಸಾಧನ ಕೂತಿದೆ.

ಸರಿಪಡಿಸುವುದು ಹೀಗೆ. ರೂಟರ್‌ನ ಸೆಟ್ಟಿಂಗ್‌ನಲ್ಲಿ ತಾನಾಗಿ ಹಂಚುವ ವಿಳಾಸಗಳ ವ್ಯಾಪ್ತಿಯನ್ನು 192.168.1.100ರಿಂದ 192.168.1.199ರವರೆಗೆ ಎಂದು ಮಿತಿಗೊಳಿಸಿ. ತಕ್ಕಡಿಗಳಿಗೆ ಅದರ ಹೊರಗಿನ ವಿಳಾಸ ಕೊಡಿ: ಒಂದಕ್ಕೆ 192.168.1.21, ಇನ್ನೊಂದಕ್ಕೆ 192.168.1.22. ಸಬ್‌ನೆಟ್ ಮಾಸ್ಕ್ ಎರಡಕ್ಕೂ 255.255.255.0, ಗೇಟ್‌ವೇ ಜಾಗದಲ್ಲಿ ರೂಟರ್‌ನ ವಿಳಾಸ. ತಕ್ಕಡಿಯ ಮೆನುವಿನಲ್ಲಿ ಡಿಎಚ್‌ಸಿಪಿ (ರೂಟರ್‌ನಿಂದ ತಾನಾಗಿ ವಿಳಾಸ ಪಡೆಯುವ ಕ್ರಮ) ಆಫ್ ಇರಲಿ. ಉಳಿಸಿದ ಮೇಲೆ ತಕ್ಕಡಿಯನ್ನು ಒಮ್ಮೆ ಪೂರ್ತಿ ಆರಿಸಿ ಹಚ್ಚಿ. ಅಲ್ಲಿಯವರೆಗೆ ಹಳೆಯ ವಿಳಾಸವನ್ನೇ ಹಿಡಿದುಕೊಂಡಿರುವ ಮಾದರಿಗಳಿವೆ. ಕೊನೆಗೆ ಕಂಪ್ಯೂಟರ್‌ನ ದರ ಕಳಿಸುವ ಸಾಫ್ಟ್‌ವೇರ್‌ನಲ್ಲೂ ಹೊಸ ವಿಳಾಸ ಬರೆಯಿರಿ. ಇದನ್ನು ಮರೆಯುವವರೇ ಹೆಚ್ಚು.

ಪಿಂಗ್‌ಗೆ ಉತ್ತರ ಬಂದರೂ ದರ ಹೋಗದಿದ್ದರೆ ಮೂರು ಕಡೆ ನೋಡಿ. ಸಾಫ್ಟ್‌ವೇರ್‌ನಲ್ಲಿರುವ ಪೋರ್ಟ್ ಸಂಖ್ಯೆ ತಕ್ಕಡಿಯ ಮೆನುವಿನಲ್ಲಿರುವ ಸಂಖ್ಯೆಯೇ ಆಗಿರಬೇಕು. ವಿಂಡೋಸ್ ಫೈರ್‌ವಾಲ್ ಸಾಫ್ಟ್‌ವೇರನ್ನು ತಡೆದಿರಬಹುದು. ಅಂಗಡಿಯ ನೆಟ್‌ವರ್ಕ್ ‘ಪಬ್ಲಿಕ್’ ಎಂದು ದಾಖಲಾಗಿದ್ದರೆ ‘ಪ್ರೈವೇಟ್’ಗೆ ಬದಲಿಸಿ, ಆ ಸಾಫ್ಟ್‌ವೇರ್‌ಗೆ ಅನುಮತಿ ಕೊಡಿ. ಇನ್ನು, ಮೆನು ತೆರೆದಿದ್ದಾಗ ದರವನ್ನು ಸ್ವೀಕರಿಸದ ತಕ್ಕಡಿಗಳೂ ಇವೆ. ತೂಕದ ಪರದೆಗೆ ಮರಳಿ, ತಟ್ಟೆ ಖಾಲಿ ಇಟ್ಟು ಕಳಿಸಿ.

ಇಂಟರ್ನೆಟ್‌ನವರು ರೂಟರ್ ಬದಲಿಸಿ ಹೋದ ದಿನ ಎರಡೂ ತಕ್ಕಡಿಗಳು ಒಟ್ಟಿಗೆ ಕಾಣೆಯಾದರೆ ಗಾಬರಿ ಬೇಡ. ಹೊಸ ರೂಟರ್ ಬೇರೆ ಸರಣಿಯಲ್ಲಿ, ಉದಾಹರಣೆಗೆ 192.168.0ರಲ್ಲಿ, ಬಂದಿರಬಹುದು. ಅದನ್ನು ಹಳೆಯ 192.168.1ಕ್ಕೆ ತಿರುಗಿಸಿ, ತಕ್ಕಡಿಗಳನ್ನು ಮುಟ್ಟಲೇಬೇಕಿಲ್ಲ. ವಿಳಾಸ, ಪೋರ್ಟ್, ತಕ್ಕಡಿ ಸಂಖ್ಯೆ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ತಕ್ಕಡಿಯ ಬದಿಗೆ ಅಂಟಿಸಿಡಿ.

ಪ್ರಶ್ನೆ: 1.250 ಕೆಜಿ ಈರುಳ್ಳಿ, ಕೆಜಿಗೆ 48 ರೂಪಾಯಿ. ಲೇಬಲ್‌ನಲ್ಲಿ 60 ರೂಪಾಯಿ ಸರಿಯಾಗಿ ಬರುತ್ತದೆ. ಸ್ಕ್ಯಾನ್ ಮಾಡಿದರೆ ಬಿಲ್‌ನಲ್ಲಿ 12.50 ಬೀಳುತ್ತದೆ. (ಹುಬ್ಬಳ್ಳಿ)

ಉತ್ತರ: ನೆಟ್‌ವರ್ಕ್‌ನದ್ದಲ್ಲ, ಬಾರ್‌ಕೋಡ್ ಓದುವ ಕ್ರಮದ ತಪ್ಪು. ನಿಮ್ಮ ಲೇಬಲ್‌ನ 13 ಅಂಕಿಗಳನ್ನು ಬಿಡಿಸಿ ನೋಡಿ. ಉದಾಹರಣೆಗೆ 2100045012506 ಇದ್ದರೆ ಮೊದಲ 21 ಅಂಗಡಿಯೊಳಗಿನ ಬಳಕೆಯ ಗುರುತು, 00045 ಈರುಳ್ಳಿಯ ಕೋಡ್, 01250 ಎಂಬುದು ಗ್ರಾಂ ಲೆಕ್ಕದ ತೂಕ, ಕೊನೆಯ 6 ಉಳಿದ ಅಂಕಿಗಳನ್ನು ಸರಿಯಾಗಿ ಓದಲಾಗಿದೆಯೇ ಎಂದು ನೋಡುವ ತಾಳೆ ಅಂಕಿ. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಆ 01250ನ್ನು ಪೈಸೆ ಎಂದು ಓದುತ್ತಿದೆ. ಸಾಫ್ಟ್‌ವೇರ್‌ನಲ್ಲಿ 21ಕ್ಕೆ ‘ತೂಕ, 3 ದಶಾಂಶ’ ಎಂದು ಹೊಂದಿಸಿ. ಇಲ್ಲವೇ ತಕ್ಕಡಿಯ ಬಾರ್‌ಕೋಡ್‌ನಲ್ಲಿ ತೂಕದ ಬದಲು ಮೊತ್ತವನ್ನು ಇಡಿ; ಆಗ 06000 ಬರುತ್ತದೆ. ನಮ್ಮ ಸಲಹೆ ಎರಡನೆಯದು. ತೂಕ ಕಳಿಸಿದರೆ ಬಿಲ್ಲಿಂಗ್ ಕಂಪ್ಯೂಟರ್ ತನ್ನಲ್ಲಿರುವ ದರದಿಂದ ಗುಣಿಸುತ್ತದೆ. ಆ ದರ ಹಳೆಯದಾಗಿದ್ದರೆ ಗಿರಾಕಿ ಲೇಬಲ್‌ನಲ್ಲಿ ಓದಿದ್ದೇ ಒಂದು, ಕೊಡುವುದೇ ಇನ್ನೊಂದು. ಒಂದು ಮಾತು: ಐದು ಅಂಕಿಯಲ್ಲಿ ಹಿಡಿಯುವ ಗರಿಷ್ಠ ಮೊತ್ತ 999.99. ಗೋಡಂಬಿ, ಏಲಕ್ಕಿ ತೂಗುವ ತಕ್ಕಡಿಗೆ ತೂಕದ ಕ್ರಮವೇ ಸರಿ.

ಪ್ರಶ್ನೆ: ಅಡಿಕೆ ತೂಗುವ ಪ್ಲಾಟ್‌ಫಾರಂ ತಕ್ಕಡಿಗೆ 9 ಪಿನ್ನಿನ ಸೀರಿಯಲ್ ಪೋರ್ಟ್ ಮಾತ್ರ ಇದೆ. ಕಚೇರಿ 40 ಮೀಟರ್ ದೂರ, ಬೇರೆ ಕಟ್ಟಡದಲ್ಲಿದೆ. (ಶಿರಸಿ)

ಉತ್ತರ: ಸೀರಿಯಲ್ ಕೇಬಲನ್ನೇ ಅಷ್ಟು ದೂರ ಎಳೆಯಬೇಡಿ, 15 ಮೀಟರ್ ದಾಟಿದರೆ ನಂಬಿಕೆಯಿಲ್ಲ. ಸೀರಿಯಲ್‌ನಿಂದ ಈಥರ್ನೆಟ್‌ಗೆ ಬದಲಿಸುವ ಪೆಟ್ಟಿಗೆಯೊಂದನ್ನು ತಕ್ಕಡಿಯ ಪಕ್ಕದಲ್ಲೇ ಇಡಿ. ಎರಡೂ ಕಡೆ ಒಂದೇ ಸೆಟ್ಟಿಂಗ್ ಇರಬೇಕು, ಸಾಮಾನ್ಯವಾಗಿ 9600 ಬಾಡ್ (ಕಳಿಸುವ ವೇಗ), 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಅರ್ಥವಿಲ್ಲದ ಅಕ್ಷರಗಳು ಬಂದರೆ ಬಾಡ್ ಹೊಂದಿಲ್ಲ. ಏನೂ ಬಾರದಿದ್ದರೆ 2 ಮತ್ತು 3ನೇ ಪಿನ್ ಅದಲುಬದಲು ಮಾಡಿ ನೋಡಿ. 5ನೆಯದು ಗ್ರೌಂಡ್, ಅದು ಹಾಗೇ ಇರಲಿ. ಚೀಲ ಇಟ್ಟ ಕ್ಷಣದ ಅಲುಗಾಟದ ತೂಕ ದಾಖಲಾಗದಂತೆ, ತೂಕ ನಿಂತ ಮೇಲಷ್ಟೇ ಕಳಿಸುವ ಕ್ರಮವನ್ನು ತಕ್ಕಡಿಯಲ್ಲಿ ಆರಿಸಿ. ಎರಡು ಕಟ್ಟಡಗಳ ನಡುವೆ ತಾಮ್ರದ ತಂತಿ ಬೇಡವೇ ಬೇಡ. ನಿಮ್ಮ ಕಡೆಯ ಸಿಡಿಲಿಗೆ ಒಂದೇ ಏಟಿಗೆ ಎರಡೂ ತುದಿ ಸುಡುತ್ತವೆ. ಫೈಬರ್ ಎಳೆದು, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಈಥರ್ನೆಟ್ ಕೇಬಲ್‌ಗೆ ಜೋಡಿಸುವ ಪೆಟ್ಟಿಗೆ) ಹಾಕಿಸಿ.

ಪ್ರಶ್ನೆ: ತಕ್ಕಡಿಗೆ ನೆಟ್‌ವರ್ಕ್ ಜೋಡಿಸಿದರೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಗೆ ತೊಂದರೆಯೇ? (ಪುತ್ತೂರು)

ಉತ್ತರ: ಹೊರಗಿನ ಪೋರ್ಟ್‌ಗೆ ಕೇಬಲ್ ಹಾಕಿ, ಮೆನುವಿನಲ್ಲಿ ವಿಳಾಸ ಬರೆಯುವುದರಿಂದ ತೊಂದರೆಯಿಲ್ಲ. ತೂಕದ ಹೊಂದಾಣಿಕೆ ಮಾತ್ರ ಮುದ್ರೆಯ ಒಳಗಿದೆ. ಆದರೆ ಮೆಕ್ಯಾನಿಕ್ ಒಳಗೆ ನೆಟ್‌ವರ್ಕ್ ಕಾರ್ಡ್ ಕೂಡಿಸಲೆಂದು ಸೀಲ್ ಒಡೆದರೆ, ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಮರುಪರಿಶೀಲನೆ ಮಾಡಿಸಿ ಮುದ್ರೆ ಹಾಕಿಸುವವರೆಗೆ ಆ ತಕ್ಕಡಿಯಲ್ಲಿ ವ್ಯಾಪಾರ ಮಾಡುವಂತಿಲ್ಲ. ವರ್ಷಕ್ಕೊಮ್ಮೆ ಮುದ್ರೆ ಹಾಕಿಸುವ ದಿನ ಹತ್ತಿರವಿದ್ದರೆ ಎರಡೂ ಕೆಲಸವನ್ನು ಒಟ್ಟಿಗೆ ಮುಗಿಸಿಕೊಳ್ಳಿ.